ಏರಿನಲ್ಲಿ ಮಿಸ್ ಹೊಡೆಯುವ ಹಳೆ ಝೆನ್: ಯಾರ ಮಾತು ಕೇಳಲಿ?

ಪ್ರಶ್ನೆ: ನಾನು ಕಾಸರಗೋಡಿನವನು, ಕೆಲಸ ಕೊಚ್ಚಿಯಲ್ಲಿ. ಅಪ್ಪ 1997ರಲ್ಲಿ ಕೊಂಡ ಕಾರ್ಬೋರೇಟರ್ ಮಾರುತಿ ಝೆನ್ ಇವತ್ತಿಗೂ ಕೆಎಲ್-14 ನಂಬರಿನಲ್ಲೇ ಓಡುತ್ತಿದೆ. ಇಡಪ್ಪಳ್ಳಿ, ವೈಟ್ಟಿಲದ ಟ್ರಾಫಿಕ್‌ನಲ್ಲಿ ಏನೂ ತಕರಾರಿಲ್ಲ. ಹೆಂಡತಿಯ ತವರು ತಿರುವನಂತಪುರ. ಅಲ್ಲಿಗೆ ಹೋದಾಗೆಲ್ಲ ಏರು ಬಂದರೆ ಎಂಜಿನ್ ಮಿಸ್ ಹೊಡೆಯುತ್ತದೆ, ಜರ್ಕ್ ಬರುತ್ತದೆ, ಪಿಕಪ್ ಇರುವುದಿಲ್ಲ. ಮಳೆಗಾಲದಲ್ಲಿ ಇನ್ನೂ ಜಾಸ್ತಿ. ಪ್ಲಗ್ ಬದಲಿಸಿದ್ದಾಯಿತು, ಕಾರ್ಬೋರೇಟರ್ ಕ್ಲೀನ್ ಮಾಡಿಸಿದ್ದಾಯಿತು. ಒಬ್ಬರು ಕಾಯಿಲ್ ಹೋಗಿದೆ ಅನ್ನುತ್ತಾರೆ, ಇನ್ನೊಬ್ಬರು ಪೆಟ್ರೋಲ್ ಪಂಪ್ ಅನ್ನುತ್ತಾರೆ, ಮತ್ತೊಬ್ಬರು ಇ-20 ಪೆಟ್ರೋಲಿಗೆ ಈ ಕಾರು ಆಗುವುದಿಲ್ಲ, ಮಾರಿಬಿಡಿ ಅನ್ನುತ್ತಾರೆ. ಯಾರ ಮಾತು ಕೇಳಲಿ?
– ಓದುಗರು, ಕೊಚ್ಚಿ

ಉತ್ತರ: ಸದ್ಯಕ್ಕೆ ಮೂವರ ಮಾತನ್ನೂ ಬದಿಗಿಟ್ಟು ಕಾರಿನ ಮಾತು ಕೇಳಿ. ಅದು ಆಗಲೇ ಅರ್ಧ ಉತ್ತರ ಹೇಳಿದೆ, ಅದನ್ನು ನೀವೇ ನಿಮ್ಮ ಪತ್ರದಲ್ಲಿ ಬರೆದಿದ್ದೀರಿ. ಸಮತಟ್ಟಿನಲ್ಲಿ ತೊಂದರೆಯಿಲ್ಲ, ಏರಿನಲ್ಲಿ ಮಿಸ್, ಮಳೆಯಲ್ಲಿ ಹೆಚ್ಚು ಮಿಸ್. ಈ ಮೂರು ಸಂಗತಿಗಳನ್ನು ಒಟ್ಟಿಗಿಟ್ಟು ಯೋಚಿಸಿದ್ದರೆ ಕಾರ್ಬೋರೇಟರ್ ಬಿಚ್ಚುವ ಅಗತ್ಯ ಬೀಳುತ್ತಿರಲಿಲ್ಲ. ಹಳೆಯ ಕಾರುಗಳು ರಿಪೇರಿಯಾಗದ ಕಾಯಿಲೆಯಿಂದ ಗುಜರಿಗೆ ಹೋಗುವುದು ಕಡಿಮೆ. ತಪ್ಪು ಎಲ್ಲಿದೆ ಎಂದು ಗೊತ್ತುಮಾಡಿಕೊಳ್ಳದೆ ಒಂದಾದ ಮೇಲೊಂದು ಪಾರ್ಟ್ಸ್ ಬದಲಿಸುತ್ತ ಹೋಗಿ, ಮಾಲೀಕರಿಗೆ ದುಡ್ಡೂ ತಾಳ್ಮೆಯೂ ಮುಗಿದಾಗ ಹೋಗುವುದೇ ಹೆಚ್ಚು. ನಿಮ್ಮ ಝೆನ್‌ಗೆ ಆ ಗತಿ ಬಾರದಿರಲಿ ಎಂದೇ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಮಿಸ್ ಎಂದರೆ ಒಂದು ಸಿಲಿಂಡರಿನಲ್ಲಿ ಪೆಟ್ರೋಲು-ಗಾಳಿಯ ಮಿಶ್ರಣ ಉರಿಯಬೇಕಾದ ಹೊತ್ತಿಗೆ ಉರಿಯದೇ ಹೋಗುವುದು. ನಿಮ್ಮ ಝೆನ್‌ನ 993 ಸಿಸಿ ಎಂಜಿನ್‌ಗೆ ನಾಲ್ಕು ಸಿಲಿಂಡರ್. ನಿಮಿಷಕ್ಕೆ 3000 ಸುತ್ತು ತಿರುಗುವಾಗ ಸೆಕೆಂಡಿಗೆ ನೂರು ಸಲ ಕಿಡಿ ಹಾರಬೇಕು, ಒಂದೊಂದು ಪ್ಲಗ್‌ನಲ್ಲಿ ಇಪ್ಪತ್ತೈದು ಸಲ. ಉರಿಯಲು ಬೇಕಾದದ್ದು ಮೂರೇ: ಸರಿಯಾದ ಹೊತ್ತಿಗೆ ಗಟ್ಟಿ ಕಿಡಿ, ಹದವಾದ ಮಿಶ್ರಣ, ಸೋರದ ಕಂಪ್ರೆಷನ್. ಯಾವ ಮಿಸ್ಸೇ ಆಗಲಿ, ಈ ಮೂರರಲ್ಲೊಂದು ಕೈಕೊಟ್ಟಿರುತ್ತದೆ. ಯಾವುದು ಎಂದು ತಿಳಿಯಲು ಮೊದಲು ಕೇಳಬೇಕಾದ ಪ್ರಶ್ನೆ, ಮಿಸ್ ಬರುವುದು ಯಾವಾಗ ಎಂಬುದು.

ಎರಡು ಊರು, ಎರಡು ಪರೀಕ್ಷೆ

ಕೊಚ್ಚಿ ಸಮುದ್ರಮಟ್ಟದಲ್ಲಿರುವ ಚಪ್ಪಟೆ ಊರು. ಅಲ್ಲಿ ಕಾರು ಹೆಚ್ಚು ಹೊತ್ತು ಐಡಲ್‌ನಲ್ಲಿ, ಒಂದು-ಎರಡನೇ ಗೇರಿನಲ್ಲಿ ಕಳೆಯುತ್ತದೆ. ಎಲ್ಲಿಂದಲೋ ಕಳ್ಳಗಾಳಿ ಎಳೆಯುವ ಬಿರುಕುಬಿಟ್ಟ ವ್ಯಾಕ್ಯೂಮ್ ಪೈಪು, ಕಾರ್ಬೋರೇಟರಿನ ಬುಡದ ಹಳೇ ಗ್ಯಾಸ್ಕೆಟ್, ಕಟ್ಟಿಕೊಂಡ ಐಡಲ್ ಜೆಟ್, ಸುಟ್ಟ ವಾಲ್ವ್ ಇವೆಲ್ಲ ಇಂಥ ಓಟದಲ್ಲೇ ಎದ್ದು ಕಾಣುವ ತೊಂದರೆಗಳು. ಸಿಗ್ನಲ್‌ನಲ್ಲಿ ನಿಂತಾಗ ಎಂಜಿನ್ ನಡುಗುತ್ತದೆ, ವೇಗ ಹಿಡಿದರೆ ಸರಿಹೋಗುತ್ತದೆ. ನಿಮ್ಮ ಕಾರಿಗೆ ಈ ಲಕ್ಷಣ ಇಲ್ಲ.

ತಿರುವನಂತಪುರ ಗುಡ್ಡಗಳ ಮೇಲಿನ ಊರು. ಅಂಗಮಾಲಿಯಿಂದ ಮೂವಾಟ್ಟುಪುಳ, ಕೋಟ್ಟಯಂ, ಕೊಟ್ಟಾರಕ್ಕರ, ಕಿಳಿಮಾನೂರು ಹಾದು ಕೇಶವದಾಸಪುರ ಸೇರುವ ಎಂ.ಸಿ. ರೋಡ್ ಹಿಡಿದರಂತೂ ದಾರಿಯುದ್ದಕ್ಕೂ ಏರು, ಇಳಿತ, ತಿರುವು. ಆಲಪ್ಪುಳದ ಕಡೆಯಿಂದ ಹೋಗುವ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಬಹುಪಾಲು ಸಪಾಟು ನೆಲ, ಅಲ್ಲಿ ಈ ತೊಂದರೆ ಅಡಗಿಕೊಳ್ಳುತ್ತದೆ. ಮುಂದಿನ ಸಲ ಬೇಕೆಂದೇ ಒಮ್ಮೆ ಹೆದ್ದಾರಿಯಲ್ಲಿ ಹೋಗಿ, ಎಂ.ಸಿ. ರೋಡಿನಲ್ಲಿ ಬನ್ನಿ. ಮಿಸ್ ಎರಡನೆಯ ದಾರಿಯಲ್ಲಿ ಮಾತ್ರ ಬಂದರೆ ಅದು ಲೋಡ್ ಬಿದ್ದಾಗ ಬರುವ ಮಿಸ್ ಎಂದು ಖಚಿತವಾಯಿತು.

ಲೋಡ್ ಬಿದ್ದಾಗ ಆಗುವುದೇನು? ಆಕ್ಸಿಲರೇಟರ್ ತುಳಿದಷ್ಟೂ ಸಿಲಿಂಡರಿಗೆ ಹೆಚ್ಚು ಮಿಶ್ರಣ ನುಗ್ಗುತ್ತದೆ, ಒಳಗಿನ ಒತ್ತಡ ಏರುತ್ತದೆ. ಒತ್ತಡ ಏರಿದಂತೆ ಪ್ಲಗ್‌ನ ಸಣ್ಣ ಸಂದಿಯನ್ನು ಕಿಡಿ ದಾಟುವುದು ಕಷ್ಟವಾಗುತ್ತದೆ. ಐಡಲ್‌ನಲ್ಲಿ ಹತ್ತು ಸಾವಿರ ವೋಲ್ಟ್ ಆಸುಪಾಸು ಸಾಕಾದರೆ, ಏರಿನಲ್ಲಿ ಇಪ್ಪತ್ತು ಸಾವಿರವೂ ಬೇಕಾಗಬಹುದು. ನೀರು ತಗ್ಗು ಹುಡುಕಿಕೊಂಡು ಹರಿಯುವಂತೆ ಅಷ್ಟು ವೋಲ್ಟೇಜೂ ಸುಲಭದ ದಾರಿ ಹುಡುಕುತ್ತದೆ. ಪ್ಲಗ್ ವೈರಿನ ಇನ್ಸುಲೇಶನ್ ಒಂದೆಡೆ ಬಿರಿದಿದ್ದರೆ, ಡಿಸ್ಟ್ರಿಬ್ಯೂಟರ್ ಕ್ಯಾಪ್‌ನಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೆ, ಕಿಡಿ ಪ್ಲಗ್‌ನಲ್ಲಿ ಹಾರುವ ಬದಲು ಅಲ್ಲೇ ಎಂಜಿನ್ನಿನ ಲೋಹಕ್ಕೆ ಹಾರಿಬಿಡುತ್ತದೆ. ತೇವ ಇದ್ದರೆ ಆ ದಾರಿ ಇನ್ನಷ್ಟು ಸಲೀಸು. ಏರು ಮತ್ತು ಮಳೆ ಎರಡೂ ಸೇರಿದಾಗ ನಿಮ್ಮ ಕಾರು ಸೋಲುವುದಕ್ಕೆ ಇದಕ್ಕಿಂತ ಒಪ್ಪುವ ಕಾರಣ ಇನ್ನೊಂದಿಲ್ಲ.

ಪೆಟ್ರೋಲ್ ಸಾಲದೆ ಬರುವ ತೊಂದರೆಗೂ ಏರಿಗೂ ನಂಟಿದೆ, ನಿಜ. ಆದರೆ ಅದರ ನಡೆ ಬೇರೆ. ಕಿಡಿಯ ಮಿಸ್ ಚುರುಕು: ತುಳಿದ ಕ್ಷಣವೇ ಜರ್ಕ್, ಕಾಲೆತ್ತಿದ ಕ್ಷಣವೇ ಮಾಯ. ಪೆಟ್ರೋಲಿನ ಕೊರತೆ ನಿಧಾನ: ಏರಿನ ಅರ್ಧದವರೆಗೆ ಚೆನ್ನಾಗಿ ಎಳೆದು, ಆಮೇಲೆ ಶಕ್ತಿ ಕುಗ್ಗುತ್ತ ಬಂದು, ಸ್ವಲ್ಪ ಹೊತ್ತು ಕಾಲೆತ್ತಿದರೆ ಮತ್ತೆ ಚೇತರಿಸಿಕೊಳ್ಳುತ್ತದೆ. ಅಂಥ ಕಾರಿಗೆ ಮೊದಲು ಪೆಟ್ರೋಲ್ ಫಿಲ್ಟರ್ ಬದಲಿಸಬೇಕು, ಆಮೇಲೆ ಪಂಪ್ ನೋಡಬೇಕು. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಮಾತ್ರ ಮಿಸ್ ಶುರುವಾಗಿ, ಅರ್ಧ ಗಂಟೆ ನಿಲ್ಲಿಸಿದರೆ ಸರಿಯಾದರೆ ಆಗ ಕಾಯಿಲ್ ಅಥವಾ ಡಿಸ್ಟ್ರಿಬ್ಯೂಟರಿನೊಳಗಿನ ಇಗ್ನಿಷನ್ ಭಾಗದ ಮೇಲೆ ಅನುಮಾನ ಪಡಬಹುದು. ನಿಮಗೆ ಸಲಹೆ ಕೊಟ್ಟ ಇಬ್ಬರೂ ಹೇಳಿದ್ದು ಸಾಧ್ಯವಿಲ್ಲದ ಮಾತೇನಲ್ಲ. ಆದರೆ ಯಾವ ಲಕ್ಷಣ ನೋಡಿ ಹಾಗಂದರು ಎಂದು ಅವರನ್ನು ಕೇಳಿ.

ಕತ್ತಲಲ್ಲಿ ಬಾನೆಟ್ ಎತ್ತಿ ನೋಡಿ

ಇದಕ್ಕೆ ಖರ್ಚಿಲ್ಲದ ಒಂದು ಪರೀಕ್ಷೆ ಇದೆ. ರಾತ್ರಿ, ಬೀದಿದೀಪ ಬೀಳದ ಗಾಳಿಯಾಡುವ ಜಾಗದಲ್ಲಿ ಕಾರು ನಿಲ್ಲಿಸಿ, ಗೇರ್ ನ್ಯೂಟ್ರಲ್‌ಗೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು, ಎಂಜಿನ್ ಓಡುತ್ತಿರುವಾಗ ಬಾನೆಟ್ ಎತ್ತಿ. ಕಣ್ಣು ಕತ್ತಲಿಗೆ ಹೊಂದಿಕೊಳ್ಳುವವರೆಗೆ ಕಾಯಿರಿ. ಬಟ್ಟೆ ಇಸ್ತ್ರಿಗೆ ಬಳಸುವ ಸ್ಪ್ರೇ ಬಾಟಲಿಯಿಂದ ಪ್ಲಗ್ ವೈರುಗಳ ಮೇಲೆ, ಡಿಸ್ಟ್ರಿಬ್ಯೂಟರ್ ಕ್ಯಾಪ್ ಸುತ್ತ, ದೂರದಿಂದ ತೆಳುವಾಗಿ ನೀರಿನ ಮಂಜು ಹಾಯಿಸಿ. ಇನ್ಸುಲೇಶನ್ ಸೋತಿದ್ದರೆ ವೈರಿನ ಮೈಮೇಲೆ ನೀಲಿ ಎಳೆಗಳು ಮಿಣುಕುತ್ತವೆ, ಚಟಚಟ ಸದ್ದು ಕೇಳುತ್ತದೆ, ಅದೇ ಹೊತ್ತಿಗೆ ಎಂಜಿನ್ ತಡವರಿಸುತ್ತದೆ. ಎಲ್ಲಿ ಮಿಣುಕಿತೋ ಅಲ್ಲಿ ತಪ್ಪಿದೆ. ಕೈಯಿಂದ ಏನನ್ನೂ ಮುಟ್ಟಬೇಡಿ. ಫ್ಯಾನ್, ಬೆಲ್ಟುಗಳ ಹತ್ತಿರ ಬಟ್ಟೆ ಸುಳಿಯದಿರಲಿ. ಪೆಟ್ರೋಲ್ ವಾಸನೆ ಬರುತ್ತಿದ್ದರೆ ಈ ಪರೀಕ್ಷೆಯನ್ನು ಮಾಡಲೇಬೇಡಿ. ಮೊದಲು ಸೋರಿಕೆ ಹುಡುಕಿಸಿ. ಹಾರುವ ಕಿಡಿಗೂ ಸೋರುವ ಪೆಟ್ರೋಲಿಗೂ ನಡುವೆ ನಿಲ್ಲುವುದು ಪ್ರಾಣಕ್ಕೆ ಅಪಾಯ.

ಮರುದಿನ ಎಂಜಿನ್ ತಣ್ಣಗಿರುವಾಗ ಡಿಸ್ಟ್ರಿಬ್ಯೂಟರ್ ಕ್ಯಾಪ್ ಬಿಚ್ಚಿಸಿ. ಯಾವ ವೈರು ಎಲ್ಲಿತ್ತು ಎಂದು ಮೊದಲೇ ಟೇಪ್ ಅಂಟಿಸಿ ನಂಬರ್ ಬರೆದುಕೊಳ್ಳಬೇಕು. ಈ ಎಂಜಿನ್ನಿನ ಫೈರಿಂಗ್ ಆರ್ಡರ್ 1-3-4-2. ಎರಡು ವೈರು ಅದಲುಬದಲಾದರೂ ಹೊಸ ತಲೆನೋವು. ಕ್ಯಾಪ್ ಒಳಗೆ ನಾಲ್ಕು ಲೋಹದ ತುದಿಗಳಿರುತ್ತವೆ. ಅವುಗಳ ಮೇಲೆ ಬಿಳಿ ಅಥವಾ ಹಸಿರು ಕಿಲುಬು ಹಿಡಿದಿದೆಯೇ, ಒಂದು ತುದಿಯಿಂದ ಇನ್ನೊಂದಕ್ಕೆ ಪೆನ್ಸಿಲ್‌ನಿಂದ ಎಳೆದಂಥ ಕಪ್ಪು ಗೆರೆ ಇದೆಯೇ, ನಡುವಿನ ಕಾರ್ಬನ್ ಗುಂಡಿ ಸವೆದಿದೆಯೇ, ರೋಟರಿನ ತುದಿ ಸುಟ್ಟಿದೆಯೇ ನೋಡಿ. ಆ ಕಪ್ಪು ಗೆರೆ ಒರೆಸಿದರೆ ಹೋಗುವ ಕೊಳೆಯಲ್ಲ, ವಿದ್ಯುತ್ತು ಪ್ಲಾಸ್ಟಿಕ್ ಸುಟ್ಟು ಮಾಡಿಕೊಂಡ ದಾರಿ. ಅಂಥ ಕ್ಯಾಪನ್ನು ಬದಲಿಸಲೇಬೇಕು. ಝೆನ್‌ನಲ್ಲಿ ಡಿಸ್ಟ್ರಿಬ್ಯೂಟರ್ ಸಿಲಿಂಡರ್ ಹೆಡ್‌ನ ತುದಿಗೆ ಕೂತು ಕ್ಯಾಮ್‌ಶಾಫ್ಟ್‌ನಿಂದಲೇ ತಿರುಗುತ್ತದೆ. ಆದ್ದರಿಂದ ಒಳಗೆ ಆಯಿಲ್ ಜಿಡ್ಡು ಕಂಡರೆ ಅದರ ಸೀಲ್ ಹೋಗಿದೆ ಎಂದರ್ಥ. ಸೀಲ್ ಬದಲಿಸದೆ ಬರೀ ಕ್ಯಾಪ್ ಬದಲಿಸಿದರೆ ಹೊಸದೂ ಹಾಳಾಗುತ್ತದೆ.

ಕೇರಳದ ಕರಾವಳಿಯಲ್ಲಿ ಇದೆಲ್ಲ ಬೇಗ ಹಾಳಾಗುವುದಕ್ಕೆ ಕಾರಣಗಳಿವೆ. ಜೂನ್ ಮೊದಲ ವಾರಕ್ಕೆ ಹಿಡಿಯುವ ಮುಂಗಾರು, ಅಕ್ಟೋಬರ್-ನವೆಂಬರಿನ ತುಲಾವರ್ಷ, ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ. ಜೊತೆಗೆ ಫೋರ್ಟ್ ಕೊಚ್ಚಿ, ವೈಪಿನ್ ಕಡೆಯ ಉಪ್ಪುಗಾಳಿ. ಕ್ಯಾಪ್ ಮೇಲೆ ಕೂತ ಉಪ್ಪು, ದೂಳು ತೇವ ಹೀರಿದಾಗ ವಿದ್ಯುತ್ತಿಗೆ ದಾರಿ ಸಿಕ್ಕಿತು. ರಸ್ತೆಯಲ್ಲಿ ನೀರು ನಿಂತಾಗ ಅದರೊಳಗೆ ವೇಗವಾಗಿ ನುಗ್ಗಿಸಿದರೆ ನೀರು ಎಂಜಿನ್ ಮೇಲೆಲ್ಲ ಎರಚಿಕೊಳ್ಳುತ್ತದೆ. ತಿರುವನಂತಪುರದ ತಂಬಾನೂರಿನಲ್ಲಿ ನೀರು ನಿಲ್ಲುವುದು ಎಷ್ಟು ಹಳೆಯ ಸಮಸ್ಯೆಯೆಂದರೆ, ಚರಂಡಿಗಳನ್ನು ತೆರವು ಮಾಡಲು 2015ರಲ್ಲಿ ಸರ್ಕಾರ ‘ಆಪರೇಷನ್ ಅನಂತ’ ಎಂಬ ಕಾರ್ಯಾಚರಣೆಯನ್ನೇ ಕೈಗೊಂಡಿತ್ತು. ಅಂಥ ಜಾಗದಲ್ಲಿ ಮೊದಲ ಗೇರಿನಲ್ಲಿ ಮೆಲ್ಲಗೆ ದಾಟಿ. ನೀರು ಬಂಪರ್‌ವರೆಗೆ ಇದ್ದರೆ ದಾಟಲೇಬೇಡಿ. ಏರ್ ಫಿಲ್ಟರ್ ಮೂಲಕ ನೀರು ಸಿಲಿಂಡರ್ ಸೇರಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ, ಆಮೇಲೆ ಮಿಸ್ಸಿನ ಚಿಂತೆಯೇ ಉಳಿಯುವುದಿಲ್ಲ.

ಯಾವ ಸಿಲಿಂಡರ್?

ಕತ್ತಲ ಪರೀಕ್ಷೆಯಲ್ಲಿ ಏನೂ ಕಾಣದಿದ್ದರೆ ಮುಂದಿನ ಹೆಜ್ಜೆ ಮೆಕ್ಯಾನಿಕ್ ಜೊತೆ. ಈಗಿನ ನಾಲ್ಕೂ ಪ್ಲಗ್‌ಗಳನ್ನು, ಹೊಸವೇ ಆಗಿದ್ದರೂ, ಬಿಚ್ಚಿ ಸಾಲಾಗಿ ಇಡಿಸಿ. ಕಂದು ಮಣ್ಣಿನ ಬಣ್ಣ ಆರೋಗ್ಯದ ಗುರುತು. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ. ಪೆಟ್ರೋಲಿನಲ್ಲಿ ನೆನೆದಿದ್ದರೆ ಆ ಸಿಲಿಂಡರಿಗೆ ಕಿಡಿ ಸಿಗುತ್ತಿಲ್ಲ. ಎಣ್ಣೆ ಜಿಡ್ಡಾದರೆ ರಿಂಗ್ ಅಥವಾ ವಾಲ್ವ್ ಸೀಲ್. ಬಿಳಿಚಿಕೊಂಡಿದ್ದರೆ ಮಿಶ್ರಣ ತೆಳುವಾಗಿದೆ. ನಾಲ್ಕೂ ಒಂದೇ ಬಣ್ಣವಿದ್ದರೆ ತೊಂದರೆ ಎಲ್ಲಕ್ಕೂ ಸೇರಿದ್ದು, ಅಂದರೆ ಕಾಯಿಲ್, ಅದರಿಂದ ಕ್ಯಾಪ್‌ಗೆ ಬರುವ ನಡುವಿನ ವೈರು, ರೋಟರ್, ಕಾರ್ಬೋರೇಟರ್ ಅಥವಾ ಪೆಟ್ರೋಲ್. ಒಂದೇ ಒಂದು ಬೇರೆ ಬಣ್ಣವಿದ್ದರೆ ತೊಂದರೆ ಆ ಸಿಲಿಂಡರಿನದು. ಇಷ್ಟು ತಿಳಿದರೆ ಹುಡುಕುವ ಜಾಗ ಅರ್ಧಕ್ಕರ್ಧ ಕಡಿಮೆಯಾಯಿತು. ಪ್ಲಗ್ ಸಂದಿಯನ್ನೂ ಫೀಲರ್ ಗೇಜಿನಿಂದ ಅಳೆಸಿ. ಹೊಸ ಪ್ಲಗ್ ಪೆಟ್ಟಿಗೆಯಿಂದ ತೆಗೆದು ಹಾಗೇ ಹಾಕಿದ್ದರೆ ಸಂದಿ ನಿಮ್ಮ ಕಾರಿನ ಕೈಪಿಡಿ ಹೇಳುವುದಕ್ಕಿಂತ ಅಗಲವಿರಬಹುದು. ಅಗಲ ಹೆಚ್ಚಿದಷ್ಟೂ ವೋಲ್ಟೇಜ್ ಹೆಚ್ಚು ಬೇಕು, ಏರಿನಲ್ಲಿ ಮಿಸ್ಸಾಗಲು ಅದೊಂದೇ ಸಾಕು.

ಅನುಮಾನ ಒಂದು ಸಿಲಿಂಡರ್ ಮೇಲೆ ಬಂದರೆ ಅದಲುಬದಲು ಮಾಡಿಸಿ. ಉದಾಹರಣೆಗೆ, ಅನುಮಾನ ಮೂರನೆಯದರ ಮೇಲಿದ್ದರೆ ಅದರ ಪ್ಲಗ್ ಎರಡನೆಯದಕ್ಕೆ, ಎರಡನೆಯದರದ್ದು ಮೂರಕ್ಕೆ. ಓಡಿಸಿ ನೋಡಿದ ಮೇಲೆ ಮಸಿ ಅಥವಾ ಒದ್ದೆ ಎರಡಕ್ಕೆ ಬಂದರೆ ಪ್ಲಗ್ ತಪ್ಪಿತಸ್ಥ. ಮೂರರಲ್ಲೇ ಉಳಿದರೆ ಆ ಸಿಲಿಂಡರಿನ ವೈರನ್ನು ಮಲ್ಟಿಮೀಟರಿನಲ್ಲಿ ಅಳೆಸಿ. ಉದ್ದಕ್ಕೆ ತಕ್ಕಂತೆ ಕೆಲವು ಸಾವಿರ ಓಮ್ ತೋರಿಸಬೇಕು. ಉಳಿದವಕ್ಕಿಂತ ಒಂದು ಬಹಳ ಹೆಚ್ಚು ತೋರಿಸಿದರೆ, ಅಥವಾ ಏನನ್ನೂ ತೋರಿಸದಿದ್ದರೆ ಅದು ಒಳಗೆ ತುಂಡಾಗಿದೆ. ವೈರೂ ಸರಿಯಿದ್ದರೆ ಕಂಪ್ರೆಷನ್ ಕಡೆ ಹೋಗಬೇಕು. ಎಂಜಿನ್ ಓಡುತ್ತಿರುವಾಗ ಒಂದೊಂದೇ ಪ್ಲಗ್ ವೈರ್ ಕಿತ್ತು ಸದ್ದು ಕೇಳುವುದು ನಮ್ಮ ಗ್ಯಾರೇಜುಗಳ ಹಳೆಯ ರೂಢಿ. ಎಲೆಕ್ಟ್ರಾನಿಕ್ ಇಗ್ನಿಷನ್ ಇರುವ ಕಾರಿನಲ್ಲಿ ವೈರು ಗಾಳಿಯಲ್ಲಿ ತೂಗಾಡಿದರೆ ಕಾಯಿಲ್ಲೂ ಅದರ ಮಾಡ್ಯೂಲೂ ಸುಡಬಹುದು. ಎಂಜಿನ್ ಆಫ್ ಮಾಡಿ ವೈರನ್ನು ಒಂದು ಹಳೇ ಪ್ಲಗ್‌ಗೆ ಸಿಕ್ಕಿಸಿ, ಪ್ಲಗ್‌ನ ಮೈ ಎಂಜಿನ್ ಲೋಹಕ್ಕೆ ಗಟ್ಟಿಯಾಗಿ ತಾಗುವಂತೆ ಕಟ್ಟಿ, ಆಮೇಲೆ ಸ್ಟಾರ್ಟ್ ಮಾಡುವುದು ಸುರಕ್ಷಿತ ದಾರಿ. ಸದ್ದು ಬದಲಾಗದ ಸಿಲಿಂಡರ್ ಮೊದಲೇ ಕೆಲಸ ಮಾಡುತ್ತಿರಲಿಲ್ಲ.

ಇನ್ನೊಂದು ಸಾಕ್ಷಿ ನಿಮ್ಮ ಕಾರಿನ ಡ್ಯಾಶ್‌ಬೋರ್ಡಿನಲ್ಲೇ ಇದೆ: ಪೊಲ್ಯೂಷನ್ ಸರ್ಟಿಫಿಕೇಟ್. ಅದರಲ್ಲಿ ಕಾರ್ಬನ್ ಮಾನಾಕ್ಸೈಡ್ ಶೇಕಡಾವಾರು, ಹೈಡ್ರೋಕಾರ್ಬನ್ ಪಿಪಿಎಂ ಲೆಕ್ಕದಲ್ಲಿ ಮುದ್ರಿಸಿರುತ್ತಾರೆ. ನಿಮ್ಮ ಕಾಲದ ಪೆಟ್ರೋಲ್ ಕಾರಿಗೆ ಮಿತಿ ಕ್ರಮವಾಗಿ 3 ಮತ್ತು 1500. ಎರಡೂ ಏರಿದ್ದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ. ಮಾನಾಕ್ಸೈಡ್ ಕಡಿಮೆಯಿದ್ದು ಹೈಡ್ರೋಕಾರ್ಬನ್ ಮಾತ್ರ ಏರಿದ್ದರೆ ಪೆಟ್ರೋಲ್ ಉರಿಯದೆ ಹೊರಬರುತ್ತಿದೆ, ಅಂದರೆ ಐಡಲ್‌ನಲ್ಲೂ ಮಿಸ್ ಇದೆ. ಎರಡೂ ಮಾಮೂಲಾಗಿದ್ದರೆ ನಿಮ್ಮ ಐಡಲ್ ಮಿಶ್ರಣ ಸರಿಯಿದೆ, ಯಾವ ಸಿಲಿಂಡರೂ ಪೂರ್ತಿ ಸತ್ತಿಲ್ಲ ಎಂದಾಯಿತು. ಆಗ ಲೋಡ್ ಬಿದ್ದಾಗ ಸೋಲುವ ಭಾಗಗಳ ಮೇಲಿನ ಅನುಮಾನ ಇನ್ನೂ ಗಟ್ಟಿ. ಹಳೆಯ ಸರ್ಟಿಫಿಕೇಟುಗಳನ್ನೂ ಎಸೆಯಬೇಡಿ. ಸಾಲಾಗಿ ಇಟ್ಟು ನೋಡಿದರೆ ಎಂಜಿನ್ ಯಾವಾಗಿನಿಂದ ಕೆಡುತ್ತ ಬಂತು ಎಂದು ಗೊತ್ತಾಗುತ್ತದೆ.

2013ರ ನಂತರದ ಕಾರು ಇರುವ ಓದುಗರಿಗೂ ಒಂದು ಮಾತು. ನಿಮ್ಮ ಕಾರಿನ ಕಂಪ್ಯೂಟರ್ ಮಿಸ್ಸನ್ನು ತಾನೇ ಗುರುತಿಸುತ್ತದೆ. ಸ್ಕ್ಯಾನರಿನಲ್ಲಿ ಪಿ0303 ಎಂದು ಬಂದರೆ ಮೂರನೇ ಸಿಲಿಂಡರ್, ಪಿ0300 ಎಂದರೆ ಬೇರೆ ಬೇರೆ ಸಿಲಿಂಡರುಗಳಲ್ಲಿ ಮಿಸ್. ಆ ಕೋಡ್ ಹೇಳುವುದು ಎಲ್ಲಿ ಎಂಬುದನ್ನು ಮಾತ್ರ. ಯಾವ ಪಾರ್ಟ್ ಎಂದು ತಿಳಿಯಲು ಅಲ್ಲಿಯೂ ಕಾಯಿಲ್, ಪ್ಲಗ್ ಅದಲುಬದಲು ಮಾಡಿಯೇ ನೋಡಬೇಕು. ಚೆಕ್ ಎಂಜಿನ್ ಲೈಟ್ ಮಿಟುಕುತ್ತಿದ್ದರೆ ಓಡಿಸಬೇಡಿ. ಉರಿಯದ ಪೆಟ್ರೋಲ್ ಕೆಟಲಿಟಿಕ್ ಕನ್ವರ್ಟರ್‌ನೊಳಗೆ ಹೋಗಿ ಉರಿದು ಅದನ್ನೇ ಹಾಳುಮಾಡುತ್ತದೆ, ಅದರ ಬೆಲೆ ಪ್ಲಗ್ಗಿನ ಹತ್ತಾರು ಪಟ್ಟು.

ಇ-20 ಪೆಟ್ರೋಲಿನ ಪಾಲೆಷ್ಟು?

ಅಳಿಸಿಹಾಕುವಂಥದ್ದಲ್ಲ, ಆದರೆ ಎಲ್ಲ ತಪ್ಪನ್ನೂ ಅದರ ತಲೆಗೆ ಕಟ್ಟುವುದೂ ಸರಿಯಲ್ಲ. ಶೇ 20 ಎಥನಾಲ್ ಬೆರೆಸಿದ ಪೆಟ್ರೋಲನ್ನು 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆ ಮಾಡಲಾಯಿತು. 2025ರ ಹೊತ್ತಿಗೆ ದೇಶದ ಬಂಕುಗಳಲ್ಲೆಲ್ಲ ಅದೇ ಮಾಮೂಲಾಯಿತು. ಎಥನಾಲ್‌ನಲ್ಲಿ ಆಮ್ಲಜನಕ ಇರುವುದರಿಂದ ಅದು ಉರಿಯಲು ಕಡಿಮೆ ಗಾಳಿ ಸಾಕು. ಒಂದು ಭಾಗ ಬರೀ ಪೆಟ್ರೋಲಿಗೆ ತೂಕದಲ್ಲಿ 14.7 ಭಾಗ ಗಾಳಿ ಬೇಕಾದರೆ ಇ-20ಗೆ ಸುಮಾರು 13.5 ಸಾಕು. ಹೊಸ ಕಾರಿನ ಕಂಪ್ಯೂಟರ್ ಅದನ್ನು ತಾನೇ ಸರಿದೂಗಿಸುತ್ತದೆ. ಕಾರ್ಬೋರೇಟರಿಗೆ ಆ ಬುದ್ಧಿ ಇಲ್ಲ, ಜೆಟ್‌ನ ತೂತು ಎಷ್ಟಿದೆಯೋ ಅಷ್ಟೇ ಹೋಗುತ್ತದೆ. ಹಾಗಾಗಿ ನಿಮ್ಮ ಎಂಜಿನ್‌ನ ಮಿಶ್ರಣ ಮೊದಲಿಗಿಂತ ಶೇಕಡ ಏಳೆಂಟು ತೆಳುವಾಗಿರುತ್ತದೆ. ತೆಳುವಾದ ಮಿಶ್ರಣಕ್ಕೆ ಇನ್ನಷ್ಟು ಗಟ್ಟಿ ಕಿಡಿ ಬೇಕು. ಇಗ್ನಿಷನ್ ಆರೋಗ್ಯವಾಗಿದ್ದರೆ ಅದನ್ನು ನಿಭಾಯಿಸುತ್ತದೆ. ಮೊದಲೇ ಸೋತ ವೈರು, ಕ್ಯಾಪ್ ಇದ್ದರೆ ಮಿಸ್ಸು ಇಣುಕುತ್ತದೆ.

ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ. ಮಿತಿ ಮೀರಿ ನೀರು ಸೇರಿದರೆ ನೀರೂ ಎಥನಾಲೂ ಒಟ್ಟಾಗಿ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತವೆ, ಎಂಜಿನ್ ಅದನ್ನೇ ಮೊದಲು ಎಳೆದುಕೊಳ್ಳುತ್ತದೆ. ಬಂಕಿನಲ್ಲಿ ತುಂಬಿಸಿದ ಕೂಡಲೇ ಮಿಸ್ ಶುರುವಾಗಿದ್ದರೆ, ಅಥವಾ ಮಳೆಗಾಲದಲ್ಲಿ ಅರ್ಧ ಟ್ಯಾಂಕ್ ಇಟ್ಟು ತಿಂಗಳುಗಟ್ಟಲೆ ನಿಲ್ಲಿಸಿದ್ದರೆ, ಒಂದು ಗಾಜಿನ ಬಾಟಲಿಗೆ ಸ್ವಲ್ಪ ಪೆಟ್ರೋಲ್ ತೆಗೆಸಿ ನಿಲ್ಲಲು ಬಿಡಿ. ತಳದಲ್ಲಿ ಪದರ ಕಂಡರೆ ಟ್ಯಾಂಕ್ ಖಾಲಿ ಮಾಡಿಸಿ. 1997ರ ರಬ್ಬರ್ ಪೈಪುಗಳನ್ನು ಎಥನಾಲಿಗಾಗಿ ಮಾಡಿದ್ದಲ್ಲ. ಪೆಟ್ರೋಲ್ ಪೈಪು, ಫಿಲ್ಟರ್, ಪಂಪ್ ಡಯಾಫ್ರಂಗಳನ್ನು ವರ್ಷಕ್ಕೊಮ್ಮೆ ಪರೀಕ್ಷಿಸಿ, ಗಟ್ಟಿಯಾಗಿದ್ದರೆ, ಉಬ್ಬಿದ್ದರೆ ಎಥನಾಲ್ ತಡೆಯುವಂಥವನ್ನು ಹಾಕಿಸಿ. ಇಷ್ಟಕ್ಕೆ ಕಾರು ಮಾರಬೇಕಾಗಿಲ್ಲ.

ಕಂಪ್ರೆಷನ್ ಹೇಳುವ ತೀರ್ಪು

ಕಾರು ಇಟ್ಟುಕೊಳ್ಳಬೇಕೋ ಬೇಡವೋ ಎಂಬುದನ್ನು ತೀರ್ಮಾನಿಸುವುದು ಕಂಪ್ರೆಷನ್ ಟೆಸ್ಟ್. ಎಂಜಿನ್ ಬಿಸಿಯಿರುವಾಗ ನಾಲ್ಕೂ ಪ್ಲಗ್ ತೆಗೆದು, ಇಗ್ನಿಷನ್ ಮತ್ತು ಪೆಟ್ರೋಲ್ ಕಡಿತಗೊಳಿಸಿ, ಆಕ್ಸಿಲರೇಟರ್ ಪೂರ್ತಿ ತುಳಿದು ಸ್ಟಾರ್ಟರ್ ತಿರುಗಿಸುತ್ತ ಒಂದೊಂದೇ ಸಿಲಿಂಡರಿಗೆ ಗೇಜ್ ಹಾಕಿ ಓದಬೇಕು. ನಾಲ್ಕೂ ಹತ್ತಿರ ಹತ್ತಿರ, ಶೇಕಡ ಹತ್ತರೊಳಗಿನ ವ್ಯತ್ಯಾಸದಲ್ಲಿದ್ದರೆ ಎಂಜಿನ್ ಗಟ್ಟಿಯಾಗಿದೆ. ಒಂದು ಕೆಳಗಿದ್ದರೆ ಆ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಹಾಕಿ ಮತ್ತೆ ಓದಿಸಿ. ಏರಿದರೆ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್. ಪಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೆ ಕೆಳಗಿದ್ದರೆ ಹೆಡ್ ಗ್ಯಾಸ್ಕೆಟ್. ಟೈಮಿಂಗ್ ಬೆಲ್ಟ್ ಯಾವಾಗ ಬದಲಿಸಿದ್ದು ಎಂಬ ದಾಖಲೆ ಇಲ್ಲದಿದ್ದರೆ ಇದೇ ನೆಪದಲ್ಲಿ ಅದನ್ನೂ ಬದಲಿಸಿಬಿಡಿ.

ಈ ಪರೀಕ್ಷೆಗಳಿಗೆ ಒಪ್ಪದೆ ಮೊದಲು ಕಾಯಿಲ್ ತನ್ನಿ ಅನ್ನುವ ಗ್ಯಾರೇಜಿನಿಂದ ಕಾರನ್ನು ಹೊರಗೆ ತನ್ನಿ. ಒಪ್ಪುವ ಮೆಕ್ಯಾನಿಕ್ ಸಿಕ್ಕರೆ ಪರೀಕ್ಷೆಗೆ ಹಿಡಿದ ಹೊತ್ತಿಗೂ ಕೂಲಿ ಕೊಡಿ. ಪಾರ್ಟ್ಸ್‌ಗೆ ಮಾತ್ರ ದುಡ್ಡು ಕೊಟ್ಟು, ಯೋಚನೆಗೆ ಕೊಡದ ನಮ್ಮ ಅಭ್ಯಾಸವೇ ಅವರನ್ನು ಪಾರ್ಟ್ಸ್ ಬದಲಿಸುವವರನ್ನಾಗಿ ಮಾಡಿದೆ. ಕ್ಯಾಪ್, ರೋಟರ್, ವೈರ್ ಸೆಟ್, ಪ್ಲಗ್ ಕೊಳ್ಳುವಾಗ ಬಿಲ್ ಸಮೇತ ಒಳ್ಳೆಯ ಕಂಪನಿಯದನ್ನೇ ಕೊಳ್ಳಿ. ಕೊಚ್ಚಿಯಲ್ಲಿ ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ವಿಚಾರಿಸಿ. ನಕಲಿ ಪ್ಲಗ್ ಹಾಕಿಸಿಕೊಂಡು ಮಾಡುವ ಯಾವ ಪರೀಕ್ಷೆಯೂ ಸುಳ್ಳು ಹೇಳುತ್ತದೆ.

ನೀವು ಬರೆದ ಲಕ್ಷಣಗಳ ಮೇಲೆ ನನ್ನ ಅಂದಾಜು ಇಷ್ಟು: ಡಿಸ್ಟ್ರಿಬ್ಯೂಟರ್ ಕ್ಯಾಪ್, ರೋಟರ್, ಪ್ಲಗ್ ವೈರ್ ಈ ಮೂರರಲ್ಲಿ ತಪ್ಪಿದೆ. ಆದರೂ ನನ್ನ ಅಂದಾಜನ್ನು ನಂಬಿ ಅವನ್ನು ಕೊಳ್ಳಬೇಡಿ. ಮೊದಲು ಕತ್ತಲ ಪರೀಕ್ಷೆ, ಆಮೇಲೆ ಕ್ಯಾಪ್ ಬಿಚ್ಚಿ ನೋಡುವುದು, ಆಮೇಲೆ ಪ್ಲಗ್‌ಗಳ ಬಣ್ಣ, ಕೊನೆಗೆ ಕಂಪ್ರೆಷನ್. ಕಂಪ್ರೆಷನ್ ಸರಿಯಿದ್ದರೆ ಇಗ್ನಿಷನ್ ಭಾಗಗಳಿಗೆ ಧೈರ್ಯವಾಗಿ ಖರ್ಚು ಮಾಡಿ, ನಿಮ್ಮ ಝೆನ್ ಇನ್ನೂ ಬಹಳ ವರ್ಷ ಓಡುತ್ತದೆ. ರಿಪೇರಿಯಾದ ಮೇಲೆ ಕೊಚ್ಚಿಯ ಸಪಾಟು ರಸ್ತೆಯಲ್ಲಿ ಓಡಿಸಿ ಸರಿಹೋಯಿತೆಂದು ತೀರ್ಮಾನಿಸಬೇಡಿ. ತಿರುವನಂತಪುರಕ್ಕೆ ಹೋದಾಗ ಇಪ್ಪತ್ತೆರಡು ಹೇರ್‌ಪಿನ್ ತಿರುವುಗಳಿರುವ ಪೊನ್ಮುಡಿ ಘಾಟಿಯನ್ನು ಒಂದು ಮಳೆಯ ದಿನ ಹತ್ತಿಸಿ. ಅಲ್ಲಿ ಜರ್ಕ್ ಇಲ್ಲದೆ ಹತ್ತಿತೆಂದರೆ ಕೆಲಸ ಸರಿಯಾಗಿ ಆಗಿದೆ.